ಅಪ್ಪನ ಮೆಟ್ಟುಕತ್ತಿ ಅಟ್ಟ ಸೇರಬೇಕೇ?

(ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯವರೊಬ್ಬರು ಬೆಂಗಳೂರಿನಿಂದ ಬರೆದಿದ್ದಾರೆ: 78ರ ತಂದೆ ಊರಿನ ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಆಟಿ ತಿಂಗಳ ಮಳೆಗೆ ಬಚ್ಚಲಿನ ಹೊರಗೆ ಜಾರಿ ಬಿದ್ದರು, ಮೂಳೆಗೇನೂ ಆಗಲಿಲ್ಲ. ತೋಟಕ್ಕೆ ಇಳಿಯಬೇಡಿ ಎಂದು ಹೇಳಿ, ಅಡಕೆ ಸುಲಿಯುವ ಮೆಟ್ಟುಕತ್ತಿಯನ್ನೂ ಅಟ್ಟಕ್ಕೆ ಹಾಕಿ ಬಂದೆ. ಈಗ ಅವರು ಫೋನಿನಲ್ಲಿ ಸರಿಯಾಗಿ ಮಾತಾಡುವುದಿಲ್ಲ. ಇಲ್ಲಿಗೆ ಕರೆತರಲೇ, ಹೋಮ್ ನರ್ಸ್ ಇಡಲೇ?)

ಸಂಪಾದಕರ ಉತ್ತರ:

ತಂದೆಯವರು ಬಿದ್ದರೆಂದು ಓದಿದಾಗ ಆಗದ ಕಸಿವಿಸಿ ಮೆಟ್ಟುಕತ್ತಿ ಅಟ್ಟ ಸೇರಿತೆಂದು ಓದಿದಾಗ ಆಯಿತು. ಬಿದ್ದವರ ಕೆಲಸ ಕಿತ್ತುಕೊಂಡರೆ ಮತ್ತೆ ಬೀಳುವುದಿಲ್ಲ ಎಂಬುದು ಮಕ್ಕಳ ಲೆಕ್ಕ. ಕಾಲಿನ ಲೆಕ್ಕ ಬೇರೆ. ಈ ಪ್ರಾಯದಲ್ಲಿ ಕೂತಷ್ಟೂ ತೊಡೆಯ ಮಾಂಸ ಕರಗುತ್ತದೆ, ಬಲ ಕಳೆದುಕೊಂಡ ಕಾಲು ಅಂಗಳದಲ್ಲೂ ಎಡವುತ್ತದೆ. 65 ದಾಟಿದವರು ವಾರಕ್ಕೆ 3 ದಿನವಾದರೂ ಸಮತೋಲ ಮತ್ತು ಬಲ ಉಳಿಸುವ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ತಂದೆ ಅದನ್ನು ತೋಟದಲ್ಲಿ ದಿನವೂ ಮಾಡುತ್ತಿದ್ದರು.

ಸರಿಪಡಿಸಬೇಕಾದದ್ದು ದಾರಿಯನ್ನು. ಬಚ್ಚಲಿನ ಹೊರಗಿನ ಹಾವಸೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ಗೋಡೆಗೆ ಕೈಹಿಡಿಯಲು ಒಂದು ಕಬ್ಬಿಣದ ಸರಳು, ರಾತ್ರಿಗೆ ಒಂದು ಸಣ್ಣ ದೀಪ ಇರಲಿ. ತೋಡು ದಾಟಲು ಇನ್ನೂ ಅಡಕೆ ಮರದ ಸಂಕವೇ ಇದ್ದರೆ ಅದಕ್ಕೊಂದು ಹಲಗೆ ಹಾಸಿ, ಪಕ್ಕಕ್ಕೆ ಬಿದಿರು ಕಟ್ಟಿಸಿ. ಹೋಮ್ ನರ್ಸ್‌ನ ಒಂದು ತಿಂಗಳ ಸಂಬಳದೊಳಗೆ ಇಷ್ಟೂ ಮುಗಿಯುತ್ತದೆ. ಬರೀ ಗಂಜಿ ಉಪ್ಪಿನಕಾಯಿಯಲ್ಲಿ ದಿನ ಕಳೆಯುತ್ತಿದ್ದರೆ ಜೊತೆಗೆ ಹುರುಳಿಯೋ ಹೆಸರೋ ಸೇರಲಿ.

ಇನ್ನು ಮದ್ದು. ಇದರಲ್ಲಿ ನಾನೇ ಎಡವಿದವ. ಅಮ್ಮನ ಬಿಪಿಗೆ ಮಂಗಳೂರಿನಲ್ಲಿ ಒಬ್ಬರು ಒಂದು ಮಾತ್ರೆ ಬರೆದಿದ್ದರು, ಇಲ್ಲಿ ಇನ್ನೊಬ್ಬರು ಮತ್ತೊಂದು. ಅಮ್ಮ ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದರು. ಬೆಳಗ್ಗೆ ಎದ್ದರೆ ಕಣ್ಣುಕತ್ತಲೆ. ‘ಪ್ರಾಯ ಆಯಿತಲ್ಲ’ ಎಂದು ನಾವು ಸುಮ್ಮನಿದ್ದೆವು. ಒಂದು ದಿನ ಬಾಗಿಲ ದಾರಂದ ಹಿಡಿದುಕೊಂಡೇ ಕುಸಿದು ಕೂತರು. ಮದ್ದಿನಂಗಡಿಯ ಹುಡುಗ ಎರಡೂ ಸ್ಟ್ರಿಪ್ ತಿರುಗಿಸಿ, ‘ಇದೂ ಆಮ್ಲೊಡಿಪಿನ್, ಅದೂ ಆಮ್ಲೊಡಿಪಿನ್’ ಎಂದ. ಕಂಪೆನಿಯ ಹೆಸರಷ್ಟೇ ಬೇರೆ! ನಿಮ್ಮ ತಂದೆಯ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಒಬ್ಬರೇ ಡಾಕ್ಟರಿಗೆ ತೋರಿಸಿ. ಮಲಗಿದಾಗೊಮ್ಮೆ, ಎದ್ದು ನಿಂತಾಗೊಮ್ಮೆ ಬಿಪಿ ನೋಡಲು ಹೇಳಿ. ನಿಂತಾಗ ಮೇಲಿನ ಅಂಕೆ 20 ಇಳಿದರೆ ಮದ್ದು ಬದಲಿಸಬೇಕೇ ಎಂದು ಕೇಳಿ. ಸ್ಟ್ರಿಪ್ಪಿನ ಮೇಲೆ ‘ಬೆಳಗ್ಗೆ’, ‘ರಾತ್ರಿ’ ಎಂದು ಕನ್ನಡದಲ್ಲಿ ದಪ್ಪಕ್ಕೆ ಬರೆದಿಡಿ. ಇಲ್ಲಿನ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸಬಹುದೆಂದು ಕೇರಳದ ಭಾಷಾ ಕಾಯ್ದೆ ಹೇಳುತ್ತದೆ. ಮಾತ್ರೆಯ ಸ್ಟ್ರಿಪ್ಪಿನವರೆಗೆ ಅದರ ಕೈ ಎಟುಕುವುದಿಲ್ಲ.

ಕೇರಳಕ್ಕೆ 2008ರಿಂದಲೇ ಉಪಶಮನ ಚಿಕಿತ್ಸೆಯ, ಅಂದರೆ ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಯ ನೀತಿಯಿದೆ, ಪಂಚಾಯತಿನ ನರ್ಸ್ ಮನೆಗೇ ಬರುತ್ತಾರೆ. ಒಳ್ಳೆಯ ವ್ಯವಸ್ಥೆ. ಆದರೆ ಅದು ನಮ್ಮ ಮೆಟ್ಟಿಲು ಹತ್ತುವುದು ಹೆಚ್ಚಾಗಿ ಮನೆಯವರು ಹಾಸಿಗೆ ಹಿಡಿದ ಮೇಲೆ. ಅದಕ್ಕಿಂತ ಮೊದಲಿನ ವರ್ಷಗಳಿಗೆ ನೆರೆಕರೆಯೇ ಗತಿ. 2011ರ ಜನಗಣತಿಯಲ್ಲೇ ಕೇರಳದ ನೂರರಲ್ಲಿ ಹನ್ನೆರಡಕ್ಕೂ ಹೆಚ್ಚು ಮಂದಿ 60 ದಾಟಿದವರು. ಹಾಗಾಗಿ ನೆರೆಯಲ್ಲೂ ಮುದುಕರೇ ಇರಬಹುದು, ಇರಲಿ. ಕುಟುಂಬಶ್ರೀಯ ಅಯಲ್ಕೂಟಕ್ಕೆ (ನೆರೆಕರೆಯ ಹೆಂಗಸರ ಸ್ವಸಹಾಯ ಗುಂಪಿಗೆ) ಹೋಗುವ ಪಕ್ಕದ ಮನೆಯಾಕೆಗೆ ನಿಮ್ಮ ನಂಬರು ಕೊಟ್ಟಿಡಿ. ತಂದೆ ದಿನವೂ ಸೊಸೈಟಿಗೆ ಹಾಲು ಒಯ್ಯುವವರಾದರೆ ಅದನ್ನು ಮಾತ್ರ ತಪ್ಪಿಸಬೇಡಿ. ಒಂದು ಬೆಳಗ್ಗೆ ಅವರು ಬಾರದಿದ್ದರೆ ‘ಎಲ್ಲಿ, ಅಣ್ಣೇರು ಕಾಣುವುದಿಲ್ಲ?’ ಎಂದು ಕೇಳುವವರು ಅಲ್ಲಿ ನಾಲ್ಕು ಜನ ಇರುತ್ತಾರೆ. ನಿಮ್ಮ ಫ್ಲಾಟಿನ ಐದನೇ ಮಹಡಿಯಲ್ಲಿ ಯಾರು ಕೇಳುತ್ತಾರೆ? ಅವರಾಗಿಯೇ ಬರುತ್ತೇನೆಂದರೆ ಕರೆದುಕೊಳ್ಳಿ, ಅದು ಬೇರೆ ಮಾತು.

ಮುಂದಿನ ರಜೆಗೆ ಕಾಯಬೇಡಿ, ಬೇಗ ಬಂದು ಆ ಕತ್ತಿ ಇಳಿಸಿಕೊಡಿ. ಕೂರುವ ಮಣೆ ಒಂದಿಷ್ಟು ಎತ್ತರದ್ದಿರಲಿ. ತಡಮಾಡಿದರೆ ಅವರೇ ಏಣಿ ಇಟ್ಟು ಅಟ್ಟ ಹತ್ತಿಯಾರು.