ತಡವಾದಾಗ ಯಾರು ಹೇಳಬೇಕು? ಒಂದು ಆಪ್ತಸಲಹೆ ಪ್ರಕರಣ

ಕಂಪನಿಗಳ ದೊಡ್ಡ ಕಾರ್ಯಕ್ರಮ ನಡೆಸಿಕೊಡುವವರು ನನ್ನ ಬಳಿ ಬರುವುದು ಜಾಸ್ತಿಯಾಗಿದೆ. ವಾರ್ಷಿಕ ಸಮ್ಮೇಳನ, ಹೊಸ ಉತ್ಪನ್ನದ ಬಿಡುಗಡೆ, ಡೀಲರ್‌ಗಳ ಸಭೆ, ಹೀಗೆ ಕೆಲಸ ಬೇರೆ ಬೇರೆ ಇರುತ್ತದೆ. ದೂರು ಮಾತ್ರ ಹೆಚ್ಚುಕಡಿಮೆ ಒಂದೇ. ರಾತ್ರಿ ಎಚ್ಚರವಾಗುತ್ತದೆ, ಎದ್ದು ಶೆಡ್ಯೂಲ್ ತೆರೆದು ನೋಡುತ್ತಾರೆ, ಏನೋ ಒಂದು ತಿದ್ದುತ್ತಾರೆ, ಮತ್ತೆ ಮಲಗಿದರೆ ನಿದ್ದೆ ಹತ್ತುವುದಿಲ್ಲ. ಅವರಲ್ಲಿ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ.

ಆಕೆಗೆ ಮೂವತ್ತು ದಾಟಿದೆ. ಕಾರ್ಯಕ್ರಮದ ನಿಮಿಷ ನಿಮಿಷದ ಪಟ್ಟಿ ಮಾಡುವುದು, ಆ ದಿನ ವೇದಿಕೆಯ ಹಿಂದೆ ಹೆಡ್‌ಸೆಟ್ ಹಾಕಿಕೊಂಡು ಅದನ್ನು ನಡೆಸುವುದು ಅವರ ಕೆಲಸ. ವೈದ್ಯರು ತಪಾಸಣೆ ಮಾಡಿ ದೇಹದಲ್ಲಿ ತೊಂದರೆ ಇಲ್ಲ ಎಂದಿದ್ದರು. ಮನೆಯ ವಿಷಯದಲ್ಲೂ ಹೇಳಿಕೊಳ್ಳುವಂಥ ಕಷ್ಟವಿರಲಿಲ್ಲ. ಹಿಂದೊಮ್ಮೆ ಒಂದು ಕಾರ್ಯಕ್ರಮ ತುಂಬಾ ತಡವಾಗಿ, ಮರುದಿನ ಎಲ್ಲರ ಎದುರು ಆಕೆಯನ್ನೇ ಕೇಳಿದ್ದರಂತೆ. ಅಲ್ಲಿಂದಾಚೆ ಪಟ್ಟಿ ಉದ್ದವಾಗುತ್ತಾ ಹೋಗಿತ್ತು.

ಇಂಥವರು ಬಂದಾಗ ನಮ್ಮ ವೃತ್ತಿಯವರ ಬಾಯಲ್ಲಿ ಥಟ್ಟನೆ ಬರುವ ಮಾತು ಒಂದಿದೆ: ‘ಎಲ್ಲವೂ ಪರ್ಫೆಕ್ಟ್ ಆಗಿರಬೇಕು ಅನ್ನೋ ಹಟ ಬಿಡಿ.’ ನಾನು ಅದನ್ನು ಹೇಳಲಿಲ್ಲ. ಈ ಕೆಲಸದಲ್ಲಿ ವಿವರ ಬೇಕೇ ಬೇಕು. ಪಟ್ಟಿಯ ಒಂದು ಸಾಲಿನಲ್ಲಿ ಶುರುವಾಗುವ ಸಮಯ, ಎಷ್ಟು ನಿಮಿಷ, ವೇದಿಕೆಯಲ್ಲಿ ಯಾರು, ಯಾವ ಮೈಕ್, ಯಾವ ಲೈಟ್, ಪರದೆಯ ಮೇಲೆ ಏನು ಎಲ್ಲವೂ ಇರಬೇಕು. ಇಲ್ಲದಿದ್ದರೆ ಹೆಡ್‌ಸೆಟ್‌ನಲ್ಲಿ ‘ಸ್ಟ್ಯಾಂಡ್‌ಬೈ’, ‘ಗೋ’ ಎಂದು ಹೇಳುವವರಿಗೆ ಹೇಳಲು ಏನೂ ಇರುವುದಿಲ್ಲ. ಒಬ್ಬರು ಕುರ್ಚಿಯಿಂದ ಎದ್ದು ಮೆಟ್ಟಿಲು ಹತ್ತಿ ಮೈಕ್ ಮುಂದೆ ನಿಲ್ಲುವುದಕ್ಕೂ ಸಮಯ ಹಿಡಿಯುತ್ತದೆ. ಅದನ್ನು ಲೆಕ್ಕ ಹಾಕುವುದು ಕಾಯಿಲೆಯಲ್ಲ, ಕಸುಬು. ಹಾಗಾಗಿ ಪಟ್ಟಿಯನ್ನೇ ತಂದು ತೋರಿಸಿ ಎಂದೆ.

ಅವರು ದೊಡ್ಡ ಹಾಳೆಗಳಲ್ಲಿ ಪ್ರಿಂಟ್ ಮಾಡಿಸಿ ತಂದರು. ಮೇಜಿನ ತುಂಬಾ ಹರಡಿದೆವು. ತುಂಬಾ ಚೆನ್ನಾಗಿ ಮಾಡಿದ ಪಟ್ಟಿ. ಅರ್ಧ ನಿಮಿಷದ ಸಾಲುಗಳೂ ಇದ್ದವು. ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದೆ.

‘ಇಲ್ಲಿ ಮುಖ್ಯಸ್ಥರ ಭಾಷಣಕ್ಕೆ 10 ನಿಮಿಷ ಅಂತಿದೆ. ಅವರು ಇನ್ನೂ 8 ನಿಮಿಷ ಜಾಸ್ತಿ ಮಾತಾಡಿದರು ಅಂದ್ಕೊಳ್ಳಿ. ಮುಂದೆ ಯಾವ ಸಾಲು ಬದಲಾಗುತ್ತೆ?’

ಅವರು ಹಾಳೆ ನೋಡಿದರು. ಒಂದೊಂದೇ ಸಾಲು ಇಳಿಯುತ್ತಾ ಹೋದರು.

‘ಯಾವುದೂ ಬದಲಾಗಲ್ಲ ಮೇಡಂ.’

‘ಮತ್ತೆ ನೀವು ಏನು ಮಾಡ್ತೀರಿ?’

‘ಪಕ್ಕದಲ್ಲಿ ಕೆಂಪು ಪೆನ್ನಲ್ಲಿ ನಿಜವಾಗಿ ಎಷ್ಟು ಹೊತ್ತಿಗೆ ಮುಗೀತು ಅಂತ ಬರೀತೀನಿ.’

‘ಯಾಕೆ?’

‘ಆಮೇಲೆ ಕೇಳಿದರೆ ತೋರಿಸೋಕೆ ಬೇಕಲ್ಲ.’

ಹೇಳಿ ಮುಗಿಸಿ ಅವರೇ ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ, ‘ಅಂದ್ರೆ ಇದನ್ನ ನಾನು ಕಾರ್ಯಕ್ರಮ ನಡೆಸೋಕೆ ಮಾಡ್ತಾನೇ ಇಲ್ಲ. ನನ್ನ ತಪ್ಪಲ್ಲ ಅಂತ ಹೇಳೋಕೆ ಮಾಡ್ತಿದ್ದೀನಿ, ಅಲ್ವಾ?’ ಎಂದರು. ಕಣ್ಣಲ್ಲಿ ನೀರಿತ್ತು. ನಾನು ಅವಸರ ಮಾಡಲಿಲ್ಲ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದೆ: ‘8 ನಿಮಿಷ ತಡವಾದಾಗ, ಮುಂದಿನದ್ದನ್ನ ಕತ್ತರಿಸಿ ಅಂತ ಹೇಳೋ ಅಧಿಕಾರ ಯಾರಿಗಿದೆ?’

‘ಗೊತ್ತಿಲ್ಲ. ನನಗಂತೂ ಇಲ್ಲ.’

ನನ್ನ ಮಟ್ಟಿಗೆ ಈ ಪ್ರಕರಣ ತಿರುಗಿದ್ದು ಅಲ್ಲೇ. ಸಮಯದ ಜವಾಬ್ದಾರಿ ಪೂರ್ತಿ ಆಕೆಯದು. ಸಮಯವನ್ನು ಬದಲಿಸುವ ಹಕ್ಕು ಒಂದಿಷ್ಟೂ ಇಲ್ಲ. ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು 1979ರಲ್ಲೇ ಇದನ್ನು ಬರೆದಿದ್ದಾರೆ. ಕೆಲಸದ ಒತ್ತಡ ಜಾಸ್ತಿ ಇದ್ದು, ನಿರ್ಧಾರ ತೆಗೆದುಕೊಳ್ಳುವ ಸ್ವಾತಂತ್ರ್ಯ ಕಡಿಮೆ ಇರುವ ಕಡೆಯಲ್ಲೇ ಮನಸ್ಸು ಹೆಚ್ಚು ಬಳಲುತ್ತದೆ ಎನ್ನುವುದು ಅವರ ಮಾತಿನ ತಿರುಳು. ಆಕೆಗೆ ಉಸಿರಾಟದ ಅಭ್ಯಾಸ ಹೇಳಿಕೊಡಬಹುದಿತ್ತು. ಹೇಳಿಕೊಟ್ಟೆ ಕೂಡ. ಆದರೆ ಅಧಿಕಾರವಿಲ್ಲದ ಜವಾಬ್ದಾರಿಯನ್ನು ಉಸಿರು ಹಿಡಿದು ಸಹಿಸಿಕೊಳ್ಳಿ ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾಗಿ ಕೊಟ್ಟ ಸಲಹೆ ಪಟ್ಟಿಯ ಬಗ್ಗೆಯೇ ಇತ್ತು. ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು, ‘ಆಪ್ತಸಲಹೆಗಾರರು ಮನಸ್ಸಿನ ಬಗ್ಗೆ ಮಾತಾಡಬೇಕು, ಕಚೇರಿ ಕೆಲಸ ಹೇಳಿಕೊಡೋದು ನಮ್ಮದಲ್ಲ’ ಎಂದರು. ನಾನು ಒಪ್ಪುವುದಿಲ್ಲ. ಈಕೆಯ ಭಯ ಇದ್ದದ್ದೇ ಆ ಹಾಳೆಯಲ್ಲಿ. ಕೈ ಸುಟ್ಟವರಿಗೆ ಒಲೆಯ ವಿಷಯ ಬಿಟ್ಟು ಬೇರೆಲ್ಲ ಮಾತಾಡಿದರೆ ಏನು ಪ್ರಯೋಜನ?

ಮೊದಲು, ಹಳೆಯ ಕಾರ್ಯಕ್ರಮಗಳ ಪಟ್ಟಿಗಳನ್ನೆಲ್ಲ ತರಲು ಹೇಳಿದೆ. ಆ ಕೆಂಪು ಅಂಕಿಗಳು ನನಗೆ ಬೇಕಿದ್ದವು. ನಮ್ಮ ಕೆಲಸ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಊಹಿಸುವಾಗ ಬಹುತೇಕ ಎಲ್ಲರೂ ಕಡಿಮೆಯೇ ಹೇಳುತ್ತೇವೆ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಈ ದೌರ್ಬಲ್ಯವನ್ನು ಗುರುತಿಸಿದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧಕ್ಕೆ ಸರಾಸರಿ 34 ದಿನ ಸಾಕು ಎಂದಿದ್ದರು. ಹಿಡಿದದ್ದು 55 ದಿನಕ್ಕೂ ಹೆಚ್ಚು. ಇದಕ್ಕಿರುವ ಒಳ್ಳೆಯ ಮದ್ದು, ಊಹೆ ಬಿಟ್ಟು ಹಿಂದೆ ನಿಜವಾಗಿ ಎಷ್ಟು ಹಿಡಿದಿತ್ತು ಎಂದು ನೋಡುವುದು. ಆಕೆ ತನ್ನ ರಕ್ಷಣೆಗೆಂದು ಬರೆದಿಟ್ಟ ಅಂಕಿಗಳಲ್ಲಿ ಆ ಮದ್ದು ಇತ್ತು. ಮುಖ್ಯಸ್ಥರ ಭಾಷಣ ಯಾವತ್ತೂ 10 ನಿಮಿಷಕ್ಕೆ ಮುಗಿದಿರಲಿಲ್ಲ. ಹಾಗಿದ್ದ ಮೇಲೆ ಪ್ರತಿ ಸಲ 10 ಎಂದೇ ಬರೆಯುವುದು ಯಾಕೆ?

‘18 ಅಂತ ಬರೆದರೆ ಅವರಿಗೆ ಬೇಜಾರಾಗುತ್ತೆ ಮೇಡಂ.’

ಆಗಬಹುದು. ಅದಕ್ಕೆ ಭಾಷಣದ ಪ್ರತಿ ಮೊದಲೇ ಕೇಳಿ ಎಂದೆ. ಇಂಗ್ಲಿಷ್‌ನಲ್ಲಿ ವೇದಿಕೆಯಿಂದ ನಿಧಾನವಾಗಿ ಮಾತಾಡಿದರೆ ನಿಮಿಷಕ್ಕೆ ಸುಮಾರು 130ರಿಂದ 150 ಪದ. 2,400 ಪದದ ಭಾಷಣ ಕೈಗೆ ಬಂದರೆ, ಅದು 10 ನಿಮಿಷಕ್ಕೆ ಮುಗಿಯಲ್ಲ ಎಂದು ಒಂದು ವಾರ ಮೊದಲೇ ಗೊತ್ತಾಗುತ್ತದೆ. ಆಗ ಮಾತಾಡಬೇಕಾದ್ದು ಆಕೆಯ ಮತ್ತು ಮುಖ್ಯಸ್ಥರ ನಡುವಿನ ಮುನಿಸಿನ ಬಗ್ಗೆ ಅಲ್ಲ, ಪದಗಳ ಲೆಕ್ಕದ ಬಗ್ಗೆ. ಅಂಜುವವರಿಗೆ ಇದು ತುಂಬಾ ಸಹಾಯ ಮಾಡುತ್ತದೆ.

ಎರಡನೆಯದು ಮುಖ್ಯವಾದದ್ದು. ಪಟ್ಟಿಯ ಕೊನೆಗೆ ಇನ್ನೊಂದು ಪುಟ ಸೇರಿಸಲು ಹೇಳಿದೆ. ಅಲ್ಲಿ ಮೊದಲು, ಏನೇ ಆದರೂ ಕದಲದ ಸಮಯಗಳು: ನೇರ ಪ್ರಸಾರ ಶುರುವಾಗುವುದು, ಅತಿಥಿ ಹೊರಡಬೇಕಾದ್ದು, ಸಭಾಂಗಣ ಬಿಟ್ಟುಕೊಡಬೇಕಾದ್ದು. ಇಂಥವು ಇಡೀ ದಿನದಲ್ಲಿ ಕೆಲವೇ ಇರುತ್ತವೆ. ಉಳಿದದ್ದೆಲ್ಲ ಆಚೀಚೆ ಸರಿಯಬಹುದು. ಅದರ ಕೆಳಗೆ, 5 ನಿಮಿಷ ತಡವಾದರೆ ಏನು ಬಿಡಬೇಕು, 10 ಆದರೆ ಏನು, 20 ಆದರೆ ಏನು. ಪಕ್ಕದಲ್ಲಿ, ಅದನ್ನು ಬಿಡಿ ಎಂದು ಹೇಳುವವರ ಹೆಸರು, ಆ ಹೊತ್ತಿಗೆ ಅವರು ಎಲ್ಲಿ ನಿಂತಿರುತ್ತಾರೆ ಎನ್ನುವುದು. ಈ ಪುಟಕ್ಕೆ ಮೇಲಿನವರ ಒಪ್ಪಿಗೆ ಮೇಲ್‌ನಲ್ಲಿ, ತಾಂತ್ರಿಕ ತಾಲೀಮಿಗೆ ಮೊದಲೇ ಬರಬೇಕು. ‘ಹೀಗಾದರೆ ಹೀಗೆ’ ಎಂದು ಮುಂಚೆಯೇ ಬರೆದಿಟ್ಟರೆ ಆ ಕ್ಷಣಕ್ಕೆ ಕೈಕಾಲು ಆಡುತ್ತದೆ ಎನ್ನುವುದಕ್ಕೆ ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರ ಕೆಲಸ ಒಳ್ಳೆಯ ಆಧಾರ. ಹೆಡ್‌ಸೆಟ್‌ನಲ್ಲಿ ನಾಲ್ಕು ಜನ ಒಟ್ಟಿಗೆ ಕೇಳುವಾಗ ಹೊಸದಾಗಿ ಯೋಚಿಸಲು ಯಾರಿಂದಲೂ ಆಗುವುದಿಲ್ಲ.

ಕೇಳುವುದೇ ಆಕೆಗೆ ಕಷ್ಟವಾಗಿತ್ತು. ಅದಕ್ಕೆ ಒಂದು ಭೇಟಿಯನ್ನು ಪೂರ್ತಿ ಇಟ್ಟೆವು. ನಾನು ಮೇಲಿನವರಾಗಿ ಕೂತೆ. ಅವರ ಮೊದಲ ಮಾತುಗಳೆಲ್ಲ ‘ಸಾರಿ ಸರ್’ ಎಂದೇ ಶುರುವಾಗುತ್ತಿದ್ದವು. ಕೊನೆಗೆ ನಿಂತ ವಾಕ್ಯ ಇದು: ‘ಸರ್, 10 ನಿಮಿಷ ತಡವಾದರೆ ಯಾವುದನ್ನ ಬಿಡೋಣ? ಆ ದಿನ ನಿಮ್ಮನ್ನ ಕೇಳೋಕೆ ಆಗಲ್ಲ, ಈಗಲೇ ಹೇಳಿಬಿಡಿ.’ ಇದರಲ್ಲಿ ದೂರಿಲ್ಲ, ಕ್ಷಮೆಯಿಲ್ಲ. ಕೆಲಸದ ಪ್ರಶ್ನೆ ಮಾತ್ರ ಇದೆ.

ಇದೇ ಪಾಡು ಪಡುತ್ತಿರುವವರು ಓದುತ್ತಿದ್ದರೆ ಒಂದು ಮಾತು. ವಾರಕ್ಕೆ 3 ರಾತ್ರಿಯಾದರೂ ನಿದ್ದೆ ಕೆಟ್ಟು, ಅದು 3 ತಿಂಗಳು ಮುಂದುವರಿದಿದ್ದರೆ ಪಟ್ಟಿ ತಿದ್ದುವುದರಿಂದ ಮಾತ್ರ ಸರಿಹೋಗಲಿಕ್ಕಿಲ್ಲ, ದಯವಿಟ್ಟು ವೈದ್ಯರನ್ನು ಕಾಣಿ. ಎದೆ ಬಡಿತ, ಉಸಿರು ಕಟ್ಟಿದಂತಾಗುವುದು ಇದ್ದರೆ ಅಷ್ಟು ದಿನ ಕಾಯಲೂ ಬೇಡಿ. ಇನ್ನು ಈ ಪಟ್ಟಿ ಮಾಡಿಸುವ ಸ್ಥಾನದಲ್ಲಿರುವವರಿಗೆ: ನಿಮ್ಮ ಕೈಕೆಳಗಿನವರು ಕೇಳುವವರೆಗೆ ಕಾಯಬೇಡಿ. ತಡವಾದಾಗ ಏನು ಬಿಡಬೇಕು ಎಂದು ನೀವೇ ಹೇಳಿಡಿ. ನಿಮಗೆ ಅದು ಐದು ನಿಮಿಷದ ಕೆಲಸ. ಅದಿಲ್ಲದೆ ಅವರು ವಾರಗಟ್ಟಲೆ ನಿದ್ದೆಗೆಡುತ್ತಾರೆ.

ಈಕೆಯ ಮೇಲಿನವರು ಆ ಪುಟದ ಬಹುಪಾಲಿಗೆ ಒಪ್ಪಿದರು. 5 ಮತ್ತು 10 ನಿಮಿಷದ ನಿರ್ಧಾರ ಆಕೆಯದೇ ಎಂದು ಬರೆದುಕೊಟ್ಟರು. ಮುಖ್ಯಸ್ಥರ ಭಾಷಣವನ್ನು ಮಾತ್ರ ಯಾರೂ ತಡೆಯುವಂತಿಲ್ಲ ಎಂದರು. ಆಕೆ ವಾದಿಸಲಿಲ್ಲ. ಮುಂದಿನ ಕಾರ್ಯಕ್ರಮದಲ್ಲಿ ಆ ಭಾಷಣವನ್ನು ಬೆಳಗಿನ ಶುರುವಿನಿಂದ ತೆಗೆದು ಊಟದ ವಿರಾಮಕ್ಕೆ ಸರಿಯಾಗಿ ಮುಂಚೆ ಇಟ್ಟರು, ವಿರಾಮವನ್ನು ಕಾಲು ಗಂಟೆ ಉದ್ದ ಮಾಡಿದರು. ಈ ಉಪಾಯ ನನ್ನದಲ್ಲ, ಪೂರ್ತಿ ಅವರದೇ.