‘ಐ ವಾಂಟ್ ಟು ಬಿಲೀವ್’ ನೋಡುವ ಮುಂಚೆ ಯಾವ ಎಪಿಸೋಡ್ ನೋಡಬೇಕು?

ಅಕ್ಕಾ, ನಿಮ್ಮ ಪ್ರಶ್ನೆಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ‘ದಿ ಎಕ್ಸ್-ಫೈಲ್ಸ್’ ಸರಣಿಯ ಎರಡನೇ ಸಿನಿಮಾ, 2008ರ ‘ಐ ವಾಂಟ್ ಟು ಬಿಲೀವ್’, ಅದನ್ನು ಒಂಬತ್ತು ಸೀಸನ್ ನೋಡದೆಯೂ ನೋಡಬಹುದೇ, ಅಷ್ಟು ಬೈಸಿಕೊಂಡ ಸಿನಿಮಾ ನೋಡಿ ಪ್ರಯೋಜನವಿದೆಯೇ, ಒಂಬತ್ತನೇ ಕ್ಲಾಸಿನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಇಲ್ಲಿ ಹೆಚ್ಚಿನವರು ‘ಫ್ಲಾಪ್, ಬಿಟ್ಟುಬಿಡಿ’ ಅಂದಿದ್ದಾರೆ. ನಾನು ನೋಡಿ ಅನ್ನುತ್ತೇನೆ. ಆದರೆ ಅನ್ಯಗ್ರಹದವರ ಕಥೆ ಮುಂದುವರಿಯುತ್ತದೆ ಅಂದುಕೊಂಡು ಕೂರಬೇಡಿ. ಇದು ಸರಣಿಯ ನಾಯಕಿ ಸ್ಕಲ್ಲಿಯ ಸಿನಿಮಾ. ಅವಳನ್ನು ಸ್ವಲ್ಪ ತಿಳಿದುಕೊಂಡು ಹೋದರೆ ಸಿನಿಮಾ ನಿಮ್ಮ ಕೈಗೆ ಸಿಗುತ್ತದೆ, ಅದಕ್ಕೆ ಒಂಬತ್ತು ಎಪಿಸೋಡ್ ಸಾಕು.

ಮೊದಲು ಬೈಗುಳದ ವಿಚಾರ ಮುಗಿಸಿಬಿಡೋಣ. ಸರಣಿ ಶುರುವಾಗಿದ್ದು 1993ರ ಸೆಪ್ಟೆಂಬರ್ 10ರಂದು, ಅಮೆರಿಕದ ಫಾಕ್ಸ್ ಚಾನೆಲ್‌ನಲ್ಲಿ. ಕ್ರಿಸ್ ಕಾರ್ಟರ್ ಅದರ ಸೃಷ್ಟಿಕರ್ತ. ಎಫ್‌ಬಿಐನ ಇಬ್ಬರು ಏಜೆಂಟರು: ಎಲ್ಲವನ್ನೂ ನಂಬುವ ಮಲ್ಡರ್, ಪುರಾವೆ ಕೇಳುವ ಡಾಕ್ಟರ್ ಸ್ಕಲ್ಲಿ. ಯಾರೂ ಬಿಡಿಸಲಾಗದ ವಿಚಿತ್ರ ಪ್ರಕರಣಗಳ ಕಡತಗಳು ಇವರ ಕೈಗೆ ಬರುತ್ತವೆ. ಎಪಿಸೋಡ್‌ಗಳಲ್ಲಿ ಎರಡು ಜಾತಿ. ಅನ್ಯಗ್ರಹದವರು, ಸರ್ಕಾರದ ಪಿತೂರಿ, ಮಲ್ಡರ್‌ನ ಕಾಣೆಯಾದ ತಂಗಿ ಸಮಾಂತಾ, ಇವೆಲ್ಲ ಬರುವ ಉದ್ದನೆಯ ಕಥೆ ಒಂದು. ಆ ವಾರಕ್ಕೊಂದು ಭೂತ, ಆ ವಾರಕ್ಕೇ ಮುಗಿಯುವ ಬಿಡಿ ಕಥೆ ಇನ್ನೊಂದು. 1998ರ ಮೊದಲ ಸಿನಿಮಾ ಉದ್ದನೆಯ ಕಥೆಯದು, ಐದನೇ ಮತ್ತು ಆರನೇ ಸೀಸನ್ ನಡುವೆ ಕೂರುತ್ತದೆ, ಜಗತ್ತಿನಾದ್ಯಂತ ಸುಮಾರು 18.9 ಕೋಟಿ ಡಾಲರ್ ಗಳಿಸಿತು. 2002ರ ಮೇನಲ್ಲಿ ಸರಣಿ ಮುಗಿದಾಗ ಕೊನೆಯ ಎಪಿಸೋಡ್ ಒಂದು ತಾರೀಖು ಕೊಟ್ಟು ಹೋಯಿತು: 2012ರ ಡಿಸೆಂಬರ್ 22, ಅನ್ಯಗ್ರಹದವರ ದಾಳಿಯ ದಿನ. ಆಮೇಲೆ ಕಾರ್ಟರ್‌ಗೂ ಸ್ಟುಡಿಯೋಗೂ ಸರಣಿಯ ಲಾಭದ ಹಣದ ಬಗ್ಗೆ ಕೋರ್ಟಿನಲ್ಲಿ ವ್ಯಾಜ್ಯ ನಡೆದು ಎರಡನೇ ಸಿನಿಮಾ ತಡವಾಯಿತು. ಆರು ವರ್ಷ ಕಾದ ಅಭಿಮಾನಿಗಳು ಆ ತಾರೀಖನ್ನೇ ತಲೆಯಲ್ಲಿಟ್ಟುಕೊಂಡು ಥಿಯೇಟರಿಗೆ ಹೋದರು. ಸಿನಿಮಾ ಆ ಸುದ್ದಿಯನ್ನೇ ಎತ್ತಲಿಲ್ಲ.

ಅದರ ಮೇಲೆ ಬಿಡುಗಡೆಯ ದಿನ. 2008ರ ಜುಲೈ 25. ಅದಕ್ಕೆ ಒಂದು ವಾರ ಮುಂಚೆ ‘ದಿ ಡಾರ್ಕ್ ನೈಟ್’ ಬಂದು ಥಿಯೇಟರುಗಳನ್ನೆಲ್ಲ ತುಂಬಿಕೊಂಡಿತ್ತು. ಹಿಮ ಮುಸುಕಿದ, ಮೆಲ್ಲಗೆ ನಡೆಯುವ, ಧರ್ಮಸಂಕಟದ ಸಿನಿಮಾವನ್ನು ಬೇಸಿಗೆ ರಜೆಯ ಜಾತ್ರೆಯಲ್ಲಿ ಬಿಟ್ಟಿದ್ದು ಯಾರ ತೀರ್ಮಾನವೋ, ಕೆಟ್ಟ ತೀರ್ಮಾನ. ಸುಮಾರು 3 ಕೋಟಿ ಡಾಲರ್ ಖರ್ಚಿನ ಸಿನಿಮಾ ಪ್ರಪಂಚದಾದ್ಯಂತ 6.8 ಕೋಟಿಯಷ್ಟು ಗಳಿಸಿತು. ಮೊದಲ ಸಿನಿಮಾದ ಪಕ್ಕ ಇಟ್ಟರೆ ಸೋಲೇ. ಆದರೆ ಅದು ಅಂಗಡಿಯ ಲೆಕ್ಕ, ನಾವು ಮನೆಯಲ್ಲಿ ಕೂತು ನೋಡುವವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

ಈಗ ಯಾವುದನ್ನು ನೋಡಿಕೊಳ್ಳಬೇಕು ಅಂತ. ಪೈಲಟ್, ಅಂದರೆ ಸರಣಿಯ ಮೊಟ್ಟಮೊದಲ ಎಪಿಸೋಡಿನಿಂದ ಶುರು ಮಾಡಿ, ಅದಿಲ್ಲದೆ ಇಬ್ಬರ ಸ್ವಭಾವ ಹಿಡಿಯುವುದಿಲ್ಲ. ಮೊದಲ ಸೀಸನ್ನಿನಲ್ಲೇ ಎಂಟನೆಯದು, ‘ಐಸ್’, ನೋಡಿದರೆ ಬಿಡಿ ಕಥೆಗಳ ರುಚಿ ಸಿಗುತ್ತದೆ. ಅಲಾಸ್ಕಾದ ಹಿಮದಲ್ಲಿ ಸಿಕ್ಕಿಬಿದ್ದ ತಂಡ, ಯಾರ ಮೈಯೊಳಗೆ ಹುಳು ಹೊಕ್ಕಿದೆಯೋ ಎಂದು ಒಬ್ಬರನ್ನೊಬ್ಬರು ಅನುಮಾನಿಸುವ ಕಥೆ.

ಆಮೇಲೆ ಅದೇ ಸೀಸನ್ನಿನ ಹದಿಮೂರನೆಯದು, ‘ಬಿಯಾಂಡ್ ದ ಸೀ’. ಒಂದೇ ಎಪಿಸೋಡ್ ನೋಡಲು ಪುರುಸೊತ್ತಿದ್ದರೆ ಇದನ್ನೇ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸ್ಕಲ್ಲಿಯ ಅಪ್ಪ ಆಗಷ್ಟೇ ತೀರಿಹೋಗಿರುತ್ತಾರೆ. ಮರಣದಂಡನೆಗೆ ಕಾದು ಕೂತಿರುವ ಬಾಗ್ಸ್ ಎಂಬ ಕೊಲೆಗಾರ, ಅಪಹರಣವಾದ ಇಬ್ಬರು ಎಲ್ಲಿದ್ದಾರೆಂದು ತನಗೆ ಕಾಣಿಸುತ್ತಿದೆ ಅನ್ನುತ್ತಾನೆ. ಯಾವಾಗಲೂ ನಂಬುವ ಮಲ್ಡರ್ ಇಲ್ಲಿ ‘ಇವನು ನಾಟಕ ಆಡುತ್ತಿದ್ದಾನೆ’ ಅಂತಾನೆ. ಸ್ಕಲ್ಲಿ ಅವನ ಎದುರು ಕೂತಿರುವಾಗ ಬಾಗ್ಸ್ ಇದ್ದಕ್ಕಿದ್ದಂತೆ ಅವಳ ಅಪ್ಪನ ಧಾಟಿಯಲ್ಲಿ ಮಾತಾಡುತ್ತಾನೆ. ಆ ಕ್ಷಣ ಸ್ಕಲ್ಲಿಯಾಗಿ ನಟಿಸಿರುವ ಜಿಲಿಯನ್ ಆಂಡರ್ಸನ್ ಮುಖ ನೋಡಿ. ನಂಬಲೂ ಆಗದು, ಎದ್ದು ಹೋಗಲೂ ಆಗದು. ಬಾಗ್ಸ್ ಪಾತ್ರದಲ್ಲಿ ಬ್ರಾಡ್ ಡೂರಿಫ್ ಕುರ್ಚಿಯಲ್ಲಿ ಕೂತಲ್ಲೇ ಮೈ ನಡುಗಿಸುತ್ತಾರೆ.

ಇದನ್ನೇಕೆ ಇಷ್ಟು ಎತ್ತಿ ಹೇಳುತ್ತೇನೆಂದರೆ, 2008ರ ಸಿನಿಮಾ ನಿಂತಿರುವುದೇ ಇದರ ಎದುರುಬದುರಿನ ಮೇಲೆ. ಅಲ್ಲಿ ಫಾದರ್ ಜೋ ಎಂಬ ಪಾದ್ರಿ. 37 ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿ ಶಿಕ್ಷೆಯಾದವನು. ಕಾಣೆಯಾದ ಎಫ್‌ಬಿಐ ಏಜೆಂಟ್ ಒಬ್ಬಳ ಸುಳಿವು ದೇವರು ತನಗೆ ತೋರಿಸುತ್ತಿದ್ದಾನೆ ಅನ್ನುತ್ತಾನೆ. ಮಲ್ಡರ್ ಅವನ ಮಾತಿಗೆ ಕಿವಿಗೊಡುತ್ತಾನೆ. ಸ್ಕಲ್ಲಿಗೆ ಅವನ ಜೊತೆ ಒಂದೇ ಕೋಣೆಯಲ್ಲಿ ನಿಲ್ಲಲೂ ಅಸಹ್ಯ. ಅವಳು ದೇವರನ್ನು ನಂಬುವವಳು, ಕತ್ತಿನಲ್ಲಿ ಶಿಲುಬೆ ಇದೆ. ದೇವರು ಮಾತಾಡುವುದಾದರೆ ಇಂಥವನ ಬಾಯಲ್ಲೇ ಮಾತಾಡಬೇಕೇ ಎಂಬುದು ಅವಳ ಸಂಕಟ. ಸರಣಿಯ ಇನ್ನೂರು ಚಿಲ್ಲರೆ ಎಪಿಸೋಡ್‌ಗಳಲ್ಲಿ ಕೇಳಿದ ಅತ್ಯಂತ ಕಠಿಣ ಪ್ರಶ್ನೆಗಳಲ್ಲಿ ಇದೂ ಒಂದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹಾಸ್ಯನಟ ಎಂದೇ ಹೆಸರಾದ ಬಿಲ್ಲಿ ಕನಾಲಿ ಆ ಪಾದ್ರಿಯನ್ನು ಅಭಿನಯಿಸಿರುವ ರೀತಿ ನೋಡಬೇಕು. ನಮ್ಮ ಕರುಣೆ ಗಿಟ್ಟಿಸಲು ಅವರು ಎಲ್ಲೂ ಪ್ರಯತ್ನಿಸುವುದಿಲ್ಲ.

ಮುಂದಿನದು ಬೇಗ ಹೇಳುತ್ತೇನೆ. ಮೂರನೇ ಸೀಸನ್ನಿನ ನಾಲ್ಕನೆಯದು, ‘ಕ್ಲೈಡ್ ಬ್ರಕ್‌ಮನ್ಸ್ ಫೈನಲ್ ರಿಪೋಸ್’: ಯಾರು ಹೇಗೆ ಸಾಯುತ್ತಾರೆಂದು ಕಾಣುವ ಇನ್ಶೂರೆನ್ಸ್ ಏಜೆಂಟನ ಕಥೆ, ಬರೆದ ಡ್ಯಾರಿನ್ ಮಾರ್ಗನ್‌ಗೆ ಎಮ್ಮಿ ಪ್ರಶಸ್ತಿ ತಂದುಕೊಟ್ಟಿತು. ಅದೇ ಸೀಸನ್ನಿನ ಹನ್ನೊಂದನೆಯದು ‘ರೆವೆಲೇಶನ್ಸ್’, ಸ್ಕಲ್ಲಿಯ ಧರ್ಮಶ್ರದ್ಧೆ ಗೊತ್ತಾಗುವುದು ಇಲ್ಲಿ. ನಾಲ್ಕನೇ ಸೀಸನ್ನಿನಲ್ಲಿ ‘ಪೇಪರ್ ಹಾರ್ಟ್ಸ್’ ಬಿಡಬೇಡಿ, ತಂಗಿಯ ವಿಷಯ ಬಂದರೆ ಮಲ್ಡರ್ ಎಷ್ಟು ಸುಲಭವಾಗಿ ಬಲೆಗೆ ಬೀಳುತ್ತಾನೆ ಎಂಬುದು ಕಾಣುತ್ತದೆ. ಆ ತಂಗಿಯ ಕಥೆ ಮುಗಿಯುವುದು ಏಳನೇ ಸೀಸನ್ನಿನ ‘ಕ್ಲೋಷರ್’ನಲ್ಲಿ. ಅದರ ಹಿಂದಿನ ಎಪಿಸೋಡ್ ಸೇರಿಸಿಯೇ ನೋಡಬೇಕು, ಎರಡೂ ಒಂದೇ ಕಥೆ. ಕೊನೆಗೆ ಒಂಬತ್ತನೇ ಸೀಸನ್ನಿನಲ್ಲಿ ‘ವಿಲಿಯಂ’. ಸ್ಕಲ್ಲಿ ತನ್ನ ಕೂಸನ್ನು ದತ್ತು ಕೊಡುವುದು ಇಲ್ಲೇ. ಸಿನಿಮಾದಲ್ಲಿ ಆ ಮಗುವಿನ ಹೆಸರು ಒಮ್ಮೆ ಬಂದು ಹೋಗುತ್ತದೆ ಅಷ್ಟೇ. ಇದನ್ನು ನೋಡದೆ ಹೋದರೆ ಆ ಒಂದು ಮಾತು ನಿಮ್ಮ ಕಿವಿಗೆ ಬೀಳುವುದೇ ಇಲ್ಲ. ಮೊದಲ ಸಿನಿಮಾ ನೋಡಲೇಬೇಕೆಂದಿಲ್ಲ. ಎಂಟನೇ ಸೀಸನ್ ಪೂರ್ತಿ ಬಿಟ್ಟರೂ ಈ ಕೆಲಸಕ್ಕೆ ತೊಂದರೆಯಿಲ್ಲ.

ಇನ್ನು ಸಿನಿಮಾ. ಕಥೆ ನಡೆಯುವುದು ವೆಸ್ಟ್ ವರ್ಜೀನಿಯಾದ ಚಳಿಗಾಲದಲ್ಲಿ, ಚಿತ್ರೀಕರಣ ಕೆನಡಾದ ವ್ಯಾಂಕೂವರ್ ಮತ್ತು ಪೆಂಬರ್ಟನ್ ಕಡೆ. ಸರಣಿಯ ಮೊದಲ ಐದು ಸೀಸನ್ ತೆಗೆದದ್ದೂ ವ್ಯಾಂಕೂವರ್‌ನಲ್ಲೇ. ಹಾಗಾಗಿ ಆ ಹಳೆಯ ತೇವ, ಆ ಬೂದು ಬೆಳಕು ವಾಪಸ್ ಬಂದಿದೆ. ಶುರುವಿನಲ್ಲೇ ಒಂದು ದೃಶ್ಯ: ಬಿಳೀ ಬಯಲಿನ ಉದ್ದಕ್ಕೂ ಕಪ್ಪು ಕೋಟಿನ ಏಜೆಂಟರು ಸಾಲಾಗಿ, ಕೋಲುಗಳಿಂದ ಹಿಮ ಚುಚ್ಚುತ್ತಾ ನಡೆಯುತ್ತಾರೆ. ಎಲ್ಲರಿಗಿಂತ ಮುಂದೆ ಕೆದರಿದ ಬಿಳಿಗೂದಲ ಫಾದರ್ ಜೋ ಎಡವುತ್ತ ಓಡುತ್ತಾನೆ. ನಡುನಡುವೆ ಆ ಹೆಂಗಸಿನ ಅಪಹರಣದ ರಾತ್ರಿ ಬಂದು ಹೋಗುತ್ತದೆ. ಎರಡು ಬೇರೆ ಬೇರೆ ಹೊತ್ತು, ಮಾತು ಬಹಳ ಕಡಿಮೆ. ಕಾರ್ಟರ್ ನಿರ್ದೇಶಕನಾಗಿ ಇಷ್ಟು ಬಿಗಿಯಾಗಿ ಕಥೆ ಶುರು ಮಾಡಿದ್ದು ಅಪರೂಪ.

ಇತ್ತ ಸ್ಕಲ್ಲಿ ಎಫ್‌ಬಿಐ ಬಿಟ್ಟು ಕ್ರೈಸ್ತ ಆಸ್ಪತ್ರೆಯೊಂದರಲ್ಲಿ ಡಾಕ್ಟರ್. ಅವಳ ಕೈಯಲ್ಲಿ ಕ್ರಿಶ್ಚಿಯನ್ ಎಂಬ ಹುಡುಗ, ಸ್ಯಾಂಡ್‌ಹಾಫ್ ಕಾಯಿಲೆ. ಇದು ನಿಜವಾಗಿ ಇರುವ ಕಾಯಿಲೆ. ಒಂದು ಜೀನ್ ಕೆಟ್ಟು, ನರಕೋಶಗಳಲ್ಲಿ ಸೇರುವ ಒಂದು ಬಗೆಯ ಕೊಬ್ಬನ್ನು ಕರಗಿಸುವ ಕಿಣ್ವ ತಯಾರಾಗುವುದಿಲ್ಲ. ಕೊಬ್ಬು ಶೇಖರವಾಗುತ್ತ ಹೋಗಿ ಮೆದುಳು, ನರಗಳು ಹಾಳಾಗುತ್ತವೆ. ಗುಣಪಡಿಸುವ ಔಷಧಿ ಇಲ್ಲ. ಆಸ್ಪತ್ರೆ ನಡೆಸುವ ಪಾದ್ರಿ ‘ಇನ್ನು ನೋವು ಕೊಡುವುದು ಬೇಡ, ಕಳಿಸಿಕೊಡೋಣ’ ಅನ್ನುತ್ತಾನೆ. ಸ್ಕಲ್ಲಿ ಇಂಟರ್ನೆಟ್ಟಿನಲ್ಲಿ ಹುಡುಕಿ ಹುಡುಕಿ, ತುಂಬಾ ನೋವಿನ ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯೊಂದನ್ನು ಹಿಡಿದುಕೊಂಡಿರುತ್ತಾಳೆ. ಫಾದರ್ ಜೋ ಅವಳಿಗೆ ಒಂದು ಮಾತು ಹೇಳುತ್ತಾನೆ: ‘ಕೈಬಿಡಬೇಡ.’ ಯಾಕೆ ಹೇಳಿದೆ ಎಂದು ಅವಳು ಮೈಮೇಲೆ ಬಿದ್ದು ಕೇಳಿದರೆ ಅವನಿಗೂ ಗೊತ್ತಿಲ್ಲ. ಸಿನಿಮಾದ ಜೀವ ಇರುವುದು ಇಲ್ಲಿ. ಅಪಹರಣದ ಪತ್ತೇದಾರಿಗಿಂತ ಈ ಎಳೆಯನ್ನು ಹಿಡಿದುಕೊಂಡು ನೋಡಿ.

(ಗುಟ್ಟು ಬೇಡದವರು ಈ ಪ್ಯಾರಾ ಹಾರಿಸಿ.) ಅಪಹರಣದ ಹಿಂದೆ ಇರುವುದು ರಷ್ಯನ್ ಗುಂಪೊಂದರ ತಲೆ ಕಸಿ. ಇದನ್ನು ಹಲವರು ಹುಚ್ಚು ಕಲ್ಪನೆ ಅಂದರು. ಬೇರು ಇತಿಹಾಸದಲ್ಲಿದೆ. ಸೋವಿಯತ್ ಸರ್ಜನ್ ವ್ಲಾದಿಮಿರ್ ಡೆಮಿಖೊವ್ 1954ರಲ್ಲಿ ನಾಯಿಯೊಂದಕ್ಕೆ ಇನ್ನೊಂದು ನಾಯಿಯ ತಲೆ ಕೂರಿಸಿದ್ದರು. 1970ರಲ್ಲಿ ಅಮೆರಿಕದ ರಾಬರ್ಟ್ ವೈಟ್ ಕೋತಿಗಳ ಮೇಲೆ ಅಂಥದೇ ಶಸ್ತ್ರಕ್ರಿಯೆ ಮಾಡಿದರು. ಸಿನಿಮಾದ ಎರಡು ತಲೆಯ ನಾಯಿ ಅಲ್ಲಿಂದ ಬಂದದ್ದು. ಆದರೂ ಖಳರ ಭಾಗವೇ ಸಿನಿಮಾದ ಬಡಕಲು ಭಾಗ ಅನ್ನುವುದನ್ನು ನಾನು ಒಪ್ಪುತ್ತೇನೆ. ಅವರು ಯಾರು, ಯಾಕೆ ಈ ಮಟ್ಟಕ್ಕೆ ಇಳಿದರು ಎಂದು ನಿಂತು ಹೇಳುವುದಿಲ್ಲ. ಅವರಲ್ಲಿಬ್ಬರು ಸಲಿಂಗಿ ದಂಪತಿ ಎಂಬುದನ್ನು ಭಯದ ಸಾಮಗ್ರಿಯಂತೆ ಬಳಸಿದ್ದು ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ.

ಮಲ್ಡರ್ ಗಡ್ಡ ಬಿಟ್ಟುಕೊಂಡು ಮನೆಯಲ್ಲಿ ಪೇಪರ್ ಕತ್ತರಿಸಿ ಅಂಟಿಸುತ್ತ ಕೂತಿರುತ್ತಾನೆ, ಚಾವಣಿಗೆ ಪೆನ್ಸಿಲ್ ಚುಚ್ಚಿಕೊಂಡಿವೆ. ಅದು ಹಳೆಯ ಅಭಿಮಾನಿಗಳಿಗೆ. ಎಫ್‌ಬಿಐ ಕಚೇರಿಯಲ್ಲಿ ಆಗಿನ ಅಧ್ಯಕ್ಷ ಬುಷ್ ಮತ್ತು ಎಫ್‌ಬಿಐನ ಹಳೆಯ ಮುಖ್ಯಸ್ಥ ಹೂವರ್ ಭಾವಚಿತ್ರಗಳ ಮೇಲೆ ಕ್ಯಾಮೆರಾ ಹರಿಯುವಾಗ, ಸರಣಿಗೆ ಸಂಗೀತ ಕೊಟ್ಟ ಮಾರ್ಕ್ ಸ್ನೋ ಅವರ ಆ ಶಿಳ್ಳೆಯ ಟ್ಯೂನ್ ಕೇಳಿಸುತ್ತದೆ. ಸರಣಿಯಲ್ಲಿ ಇವರಿಬ್ಬರ ಮೇಲಧಿಕಾರಿಯಾಗಿದ್ದ ಸ್ಕಿನ್ನರ್ ಬರುವುದು ತೀರಾ ಕೊನೆಗೆ, ಕಾಯಬೇಕು.

ನೋಡುವಾಗ ಕೋಣೆಯ ದೀಪ ಆರಿಸಿ. ರಾತ್ರಿಯ ದೃಶ್ಯಗಳು ಬಹಳ ಕತ್ತಲು, ಹಗಲು ಹೊತ್ತು ಕಿಟಕಿ ತೆರೆದು ನೋಡಿದರೆ ಟಿವಿಯಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಮೊಬೈಲಿನಲ್ಲಂತೂ ಬೇಡ. ಸಬ್‌ಟೈಟಲ್ ಹಾಕಿಕೊಳ್ಳಿ, ಕನಾಲಿಯ ಸ್ಕಾಟಿಷ್ ಉಚ್ಚಾರಣೆ ನಮ್ಮ ಕಿವಿಗೆ ಒಂದೇ ಸಲಕ್ಕೆ ಒಗ್ಗುವುದಿಲ್ಲ, ರಷ್ಯನ್ ಮಾತೂ ಇದೆ. ಎರಡು ಆವೃತ್ತಿ ಸಿಗುತ್ತವೆ, ಥಿಯೇಟರಿನದು 104 ನಿಮಿಷ, ಇನ್ನೊಂದು ನಾಲ್ಕು ನಿಮಿಷ ಉದ್ದ. ಯಾವುದಾದರೂ ನಡೆಯುತ್ತದೆ. ಹೆಸರಿನ ಪಟ್ಟಿ ಬಂತೆಂದು ನಿಲ್ಲಿಸಬೇಡಿ, ಅದರ ಕೊನೆಯಲ್ಲಿ ಒಂದು ತುಣುಕಿದೆ. ಅಷ್ಟು ಚಳಿ ತಿಂದ ಮೇಲೆ ಅದನ್ನು ನೋಡಿದರೆ ಮನಸ್ಸು ಹಗುರಾಗುತ್ತದೆ.

ಮಗಳ ವಿಷಯ. ಅಮೆರಿಕದಲ್ಲಿ ಇದಕ್ಕೆ ಪಿಜಿ-13 (ಹದಿಮೂರಕ್ಕಿಂತ ಚಿಕ್ಕವರ ವಿಷಯದಲ್ಲಿ ಅಪ್ಪ-ಅಮ್ಮ ಎಚ್ಚರ ವಹಿಸಬೇಕು) ಕೊಟ್ಟಿದ್ದಾರೆ, ಆದರೆ ಆ ಚೀಟಿ ನಂಬಿ ಕೂರಬೇಡಿ. ಕತ್ತರಿಸಿದ ಕೈ, ಹಿಮಗಡ್ಡೆಯೊಳಗಿನ ದೇಹದ ಭಾಗಗಳು ಕಾಣುತ್ತವೆ. ಪಾದ್ರಿ ಮಾಡಿದ ಅಪರಾಧವನ್ನು ತೋರಿಸುವುದಿಲ್ಲ, ಮಾತಿನಲ್ಲಿ ಬಿಡಿಸಿ ಹೇಳುತ್ತಾರೆ. ಮಗಳು ಏನಿದು ಎಂದು ಕೇಳುತ್ತಾಳೆ, ಕೇಳಲೂಬೇಕು. ಅದನ್ನು ಅವಳೊಂದಿಗೆ ಮಾತಾಡಲು ನೀವು ತಯಾರಿದ್ದರೆ ಜೊತೆಗೆ ನೋಡಿ, ಇಲ್ಲವಾದರೆ ಮೊದಲು ನೀವೊಬ್ಬರೇ ನೋಡಿಕೊಂಡು ಆಮೇಲೆ ತೀರ್ಮಾನಿಸಿ. ಸರಣಿಯಲ್ಲಿ ನಾಲ್ಕನೇ ಸೀಸನ್ನಿನ ಎರಡನೆಯದು, ‘ಹೋಮ್’, ಅದನ್ನು ಮಾತ್ರ ಅವಳ ಮುಂದೆ ಹಾಕಬೇಡಿ. ಪ್ರಸಾರಕ್ಕೆ ಮುಂಚೆ ವೀಕ್ಷಕರಿಗೆ ಎಚ್ಚರಿಕೆ ಹಾಕಿದ ಎಪಿಸೋಡ್ ಅದು.

ಅವಳಿಗೆ ಸರಣಿ ಹಿಡಿಸಬೇಕೆಂದಿದ್ದರೆ ನನ್ನ ಸಲಹೆ ಬೇರೆ. 2016ರಲ್ಲಿ ಸರಣಿ ಟಿವಿಗೆ ವಾಪಸ್ ಬಂತಲ್ಲ, ಆ ಹತ್ತನೇ ಸೀಸನ್ನಿನಲ್ಲಿ ಇರುವುದು ಆರೇ ಎಪಿಸೋಡ್. ಅದರಲ್ಲಿ ಮೂರನೆಯದು ಡ್ಯಾರಿನ್ ಮಾರ್ಗನ್ ಬರೆದು ನಿರ್ದೇಶಿಸಿದ್ದು, ಹಲ್ಲಿಯಂಥ ಪ್ರಾಣಿಯೊಂದನ್ನು ಮನುಷ್ಯ ಕಚ್ಚಿದ್ದರಿಂದ ಅದು ಮನುಷ್ಯನಾಗಿಬಿಡುವ ಕಥೆ. ಹೊಟ್ಟೆ ತುಂಬ ನಗು ಬರುತ್ತದೆ, ಮಧ್ಯೆ ಕಣ್ಣೂ ಒದ್ದೆಯಾಗುತ್ತದೆ. ಪೈಲಟ್ ಮತ್ತು ಇದು, ಎರಡನ್ನೂ ಈ ಶನಿವಾರ ಅವಳ ಜೊತೆ ನೋಡಿ. ಸಿನಿಮಾವನ್ನು ನೀವು ಯಾವಾಗ ನೋಡಿದರೂ ಫಾದರ್ ಜೋ ಬಗ್ಗೆ ನಿಮಗೇನನ್ನಿಸಿತು ಎಂದು ಇಲ್ಲೇ ಬರೆಯಿರಿ, ಓದುವ ಆಸೆ ನನಗಿದೆ.