ಕಿರುಗೊಂಬೆಯ ಕಣ್ಣಿನ ಕೆಂಪು ಎಲ್ಲಿ ಹೋಯಿತು?

ಬಣ್ಣ ಹಚ್ಚಿದ ಮಿನಿಯೇಚರ್‌ಗಳ, ಅಂದರೆ ಕಿರುಗೊಂಬೆಗಳ, ಫೋಟೊ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯ ಬೇರೆ ಬೇರೆ ವೇಷಗಳು. ಅದಕ್ಕೇ ಈ ಸಲ ಹೆಚ್ಚು ಜಾಗ ಕೊಟ್ಟಿದ್ದೇನೆ. ದೀಪ ಎಲ್ಲಿಡಬೇಕು, ಫೋಕಸ್ ಎಲ್ಲಿರಬೇಕು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ನಿಮ್ಮ ಮೂಲ ಫೋಟೊ ಚೆನ್ನಾಗಿಯೇ ಬಂದಿದೆ ಎಂದಿಟ್ಟುಕೊಳ್ಳುತ್ತೇನೆ. ಮಸುಕಾದ ಫೋಟೊವನ್ನು ಚಿಕ್ಕದು ಮಾಡಿದರೆ ಚಿಕ್ಕ ಮಸುಕು ಸಿಗುತ್ತದೆ, ಅಷ್ಟೆ.

ಪ್ರಶ್ನೆ: 32 ಮಿ.ಮೀ. ಗೊಂಬೆ. ಫೋನಿನಲ್ಲಿ ನೋಡಿದರೆ ಕಣ್ಣಿನ ಕೆಂಪು, ಕವಚದ ಅಂಚಿನ ಹೈಲೈಟ್ ಎಲ್ಲವೂ ಸ್ಪಷ್ಟ. ಸೈಟಿನ ಮಿತಿ 1600 ಪಿಕ್ಸೆಲ್ ಎಂದು ಚಿಕ್ಕದು ಮಾಡಿ ಹಾಕಿದೆ. ಕಣ್ಣು ಕಂದು ಚುಕ್ಕೆಯಾಯಿತು, ಅಂಚಿನ ಗೆರೆ ಮಾಯವಾಯಿತು. ಯಾವ ಆ್ಯಪ್ ಬಳಸಲಿ?

ಆ್ಯಪ್ ಯಾವುದಾದರೂ ಆಗಲಿ, ಮೊದಲು ಕ್ರಮ ಸರಿಯಾಗಲಿ. ಕ್ರಮ ತಪ್ಪಿದರೆ ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ ಕೂಡ ಇದೇ ಕಂದು ಚುಕ್ಕೆಯನ್ನೇ ಕೊಡುತ್ತದೆ. ಇಲ್ಲಿ ಮೂರು ಬೇರೆ ಬೇರೆ ನಷ್ಟಗಳು ಒಂದರ ಮೇಲೊಂದು ಬಿದ್ದಿವೆ. ಒಂದೊಂದಾಗಿ ಬಿಡಿಸೋಣ.

ಮೊದಲನೆಯದು ಕ್ರಾಪ್. 12 ಮೆಗಾಪಿಕ್ಸೆಲ್ ಫೋಟೊ ಎಂದರೆ ಸಾಮಾನ್ಯವಾಗಿ 4032×3024. ಫೋನನ್ನು ನೆಟ್ಟಗೆ ಹಿಡಿದು ತೆಗೆದ ಫೋಟೊದಲ್ಲಿ ಗೊಂಬೆ ಕಾಲು ಭಾಗ ಎತ್ತರ ತುಂಬಿದ್ದರೆ ಅದರ ಪಾಲಿಗೆ ಬರುವುದು ಸುಮಾರು 1000 ಪಿಕ್ಸೆಲ್. ಉಳಿದದ್ದೆಲ್ಲ ಮೇಜು ಮತ್ತು ಹಿಂಬದಿಯ ಕಾಗದ. ಇಡೀ ಫೋಟೊವನ್ನು 1600ಕ್ಕೆ ಇಳಿಸಿದರೆ ಗೊಂಬೆ 400 ಪಿಕ್ಸೆಲ್‌ಗೆ ಕುಗ್ಗುತ್ತದೆ. ಅಂದರೆ ಒಂದು ಮಿ.ಮೀ.ಗೆ 12 ಪಿಕ್ಸೆಲ್ ಚಿಲ್ಲರೆ. 0.6 ಮಿ.ಮೀ. ಅಗಲದ ಕಣ್ಣಿಗೆ ಏಳೆಂಟು ಪಿಕ್ಸೆಲ್, ಪಾಪೆಗೆ ಎರಡೋ ಮೂರೋ. ಅದೇ ಫೋಟೊವನ್ನು ಮೊದಲು ಗೊಂಬೆಯ ಸುತ್ತ ಬಿಗಿಯಾಗಿ ಕ್ರಾಪ್ ಮಾಡಿ, ತಲೆಯ ಮೇಲೆ ಮತ್ತು ಬೇಸ್‌ನ ಕೆಳಗೆ ಒಂದಿಷ್ಟು ಉಸಿರಾಡುವ ಜಾಗ ಬಿಟ್ಟರೆ, ಚೌಕಟ್ಟಿನ ಎತ್ತರ 1250 ಪಿಕ್ಸೆಲ್ ಆಗುತ್ತದೆ. ಅದು 1600ರ ಒಳಗೇ ಇದೆ, ಇಳಿಸುವ ಅಗತ್ಯವೇ ಇಲ್ಲ. ಕಣ್ಣಿಗೆ ಈಗ ಹತ್ತೊಂಬತ್ತು ಪಿಕ್ಸೆಲ್. ನಿಮ್ಮ ತೊಂದರೆಯ ಅರ್ಧ ಇಲ್ಲೇ ಮುಗಿಯಿತು. ರಿಸೈಜ್ ಮಾಡಿ ಆಮೇಲೆ ಕ್ರಾಪ್ ಮಾಡುವವರು ತೂತು ಕೊಡದಲ್ಲಿ ನೀರು ಹೊರುತ್ತಿದ್ದಾರೆ.

ಎರಡನೆಯದು ಅಂಚಿನ ಹೈಲೈಟ್. ಗೊಂಬೆಯನ್ನು ಹತ್ತಿರದಿಂದ ತೆಗೆದು ಅದಕ್ಕೇ 3000 ಪಿಕ್ಸೆಲ್ ಸಿಕ್ಕಿದ್ದರೆ ಇಳಿಸಲೇಬೇಕಾಗುತ್ತದೆ. ಆಗ ಬರುವ ತೊಂದರೆಯನ್ನು ಯಾರೂ ಹೇಳಿಕೊಡುವುದಿಲ್ಲ. ಕಪ್ಪು ಕವಚದ ಮೇಲೆ ಕೂದಲೆಳೆಯಂಥ ಬಿಳಿ ಗೆರೆ ಇದೆ. ಇಳಿಸುವಾಗ ಒಂದು ಕಪ್ಪು ಪಿಕ್ಸೆಲ್ಲನ್ನೂ ಒಂದು ಬಿಳಿ ಪಿಕ್ಸೆಲ್ಲನ್ನೂ ಸೇರಿಸಿ ಒಂದೇ ಮಾಡಬೇಕು. ಬಹಳಷ್ಟು ಸಾಫ್ಟ್‌ವೇರ್‌ಗಳು 0 ಮತ್ತು 255ರ ಸರಾಸರಿ 128 ಎಂದು ಕೂಡಿ ಭಾಗಿಸಿಬಿಡುತ್ತವೆ. ಆದರೆ ಫೈಲಿನೊಳಗಿನ ಆ ಅಂಕಿಗಳು ಬೆಳಕಿನ ನೇರ ಅಳತೆಯಲ್ಲ. ಕಣ್ಣಿಗೆ ಹೊಂದುವಂತೆ ಬಗ್ಗಿಸಿಟ್ಟ ಅಂಕಿಗಳವು. ಬೆಳಕಿನ ನಿಜವಾದ ಅರ್ಧ 188. ಹೀಗಾಗಿ ಗೆರೆ ತೆಳುವಾಗುವುದಷ್ಟೇ ಅಲ್ಲ, ಮಂಕೂ ಆಗುತ್ತದೆ. ಲೋಹದ ಬಣ್ಣ ಬಳಸದೆ ಬರೀ ಬೆಳಕು ನೆರಳಿನಲ್ಲಿ ಲೋಹದ ಹೊಳಪು ತರುವವರಿಗೆ ಈ ಪೆಟ್ಟು ಎಲ್ಲರಿಗಿಂತ ಜೋರು, ಏಕೆಂದರೆ ಅವರ ಇಡೀ ಕೆಲಸ ನಿಂತಿರುವುದೇ ಕಡುಗಪ್ಪಿನ ಪಕ್ಕದ ಆ ಬಿಳಿ ಚುಕ್ಕೆಯ ಮೇಲೆ.

ಪರಿಹಾರ ಸುಲಭ. ಬ್ರೌಸರಿನಲ್ಲೇ ನಡೆಯುವ ಸ್ಕ್ವೂಶ್ ಎಂಬ ಉಚಿತ ಸಾಧನದಲ್ಲಿ ರಿಸೈಜ್ ಕೆಳಗೆ ‘ಲೀನಿಯರ್ ಆರ್‌ಜಿಬಿ’ ಎಂಬ ಆಯ್ಕೆ ಇದೆ. ಅದು ಆನ್ ಆಗಿರಲಿ, ವಿಧಾನ ‘ಲ್ಯಾಂಜೋಸ್3’ ಇರಲಿ. ಫೋಟೊ ನಿಮ್ಮ ಯಂತ್ರ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅದರಲ್ಲಿ ಕ್ರಾಪ್ ಇಲ್ಲ, ಆ ಕೆಲಸ ಮೊದಲೇ ಮುಗಿಸಿಕೊಂಡಿರಿ.

ರಿಸೈಜ್ ಆದ ಮೇಲೆ ಚೂರು ಶಾರ್ಪನ್ ಬೇಕು. ಗಮನಿಸಿ, ಆದ ಮೇಲೆ. ಮೊದಲು ಮಾಡಿದ ಶಾರ್ಪನ್ ಇಳಿಸುವಾಗ ಅಳಿಸಿಹೋಗುತ್ತದೆ. ಸ್ಕ್ವೂಶ್‌ನಲ್ಲಿ ಇದೂ ಇಲ್ಲ. ಜಿಂಪ್ ಅಥವಾ ಫೋಟೊಶಾಪ್‌ನ ಅನ್‌ಶಾರ್ಪ್ ಮಾಸ್ಕ್‌ನಲ್ಲಿ ರೇಡಿಯಸ್ 0.3ರಿಂದ 0.5, ಪ್ರಮಾಣ ಶೇ. 50ರಿಂದ 80 (ಜಿಂಪ್‌ನಲ್ಲಿ 0.5ರಿಂದ 0.8). ರೇಡಿಯಸ್ 1 ದಾಟಿಸಿದರೆ ಪ್ರತಿ ಅಂಚಿನ ಪಕ್ಕದಲ್ಲೂ ಒಂದು ಬಿಳಿ ಪ್ರಭೆ ಹುಟ್ಟುತ್ತದೆ. ಬೇರೆ ಫೋಟೊದಲ್ಲಿ ಅದು ಬರೀ ಕೊಳಕು. ಮಿನಿಯೇಚರ್‌ನಲ್ಲಾದರೆ ನೀವು ಹಚ್ಚದೇ ಇದ್ದ ಎರಡನೇ ಹೈಲೈಟ್‌ನಂತೆ ಕಾಣುತ್ತದೆ. ಕುಂಚದ ಗುರುತು, ವಾರ್ನಿಷ್ ಮೇಲೆ ಕುಳಿತ ದೂಳು ಎಲ್ಲವೂ ಎದ್ದು ಬರುತ್ತವೆ. ನೋಡುವವರು ದೂರುವುದು ನಿಮ್ಮ ಕೈಯನ್ನೇ.

ಮೂರನೆಯದು ಕೆಂಪು. ಜೆಪೆಗ್ ಫೈಲು ಬಣ್ಣವನ್ನು ಎರಡು ಭಾಗ ಮಾಡಿಕೊಳ್ಳುತ್ತದೆ: ಎಷ್ಟು ಬೆಳಕು ಎಂಬುದು ಒಂದು, ಯಾವ ಬಣ್ಣ ಎಂಬುದು ಇನ್ನೊಂದು. ಮನುಷ್ಯನ ಕಣ್ಣು ಬಣ್ಣದ ಸೂಕ್ಷ್ಮವನ್ನು ಅಷ್ಟಾಗಿ ಗುರುತಿಸುವುದಿಲ್ಲ ಎಂಬ ಲೆಕ್ಕದಲ್ಲಿ, 4:2:0 ಎಂಬ ಬಗೆಯಲ್ಲಿ, ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ ಉಳಿಸಿಕೊಳ್ಳುತ್ತದೆ. ಬೆಟ್ಟ, ಮೋಡ, ಮನುಷ್ಯರ ಮುಖಕ್ಕೆ ಇದು ಸರಿ. ಕಪ್ಪು ಶಿರಸ್ತ್ರಾಣದ ನಡುವಿನ ಕೆಲವೇ ಪಿಕ್ಸೆಲ್ ಅಗಲದ ಕೆಂಪು ಕಣ್ಣಿಗೆ ಇದು ಮರಣಶಾಸನ. ಕೆಂಪು ಪಕ್ಕದ ಕಪ್ಪಿಗೆ ಸೋರಿ ಕಂದಾಗುತ್ತದೆ. ಕೆಂಪು, ನೀಲಿ ಬಣ್ಣಗಳಲ್ಲಿ ಇದು ಹೆಚ್ಚು ಕಾಣಲು ಕಾರಣವಿದೆ: ಅವುಗಳಲ್ಲಿ ಬೆಳಕಿನ ಭಾಗ ಕಡಿಮೆ, ಗುರುತೆಲ್ಲ ಬಣ್ಣದ ಭಾಗದಲ್ಲೇ ಇರುತ್ತದೆ. ಧ್ವಜದ ಮೇಲೆ ಕೈಯಲ್ಲೇ ಬಿಡಿಸಿದ ಸಣ್ಣ ಚಿತ್ರಗಳಿಗೂ ಇದೇ ಗತಿ.

ಜಿಂಪ್‌ನಲ್ಲಿ ಜೆಪೆಗ್ ಎಕ್ಸ್‌ಪೋರ್ಟ್ ಮಾಡುವಾಗ ಮುಂದುವರಿದ ಆಯ್ಕೆಗಳನ್ನು ತೆರೆದು ಸಬ್‌ಸ್ಯಾಂಪ್ಲಿಂಗ್ 4:4:4 ಇಡಿ, ಅಂದರೆ ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣದ ಮಾಹಿತಿ. ಸ್ಕ್ವೂಶ್‌ನಲ್ಲಿ ಜೆಪೆಗ್ ಉಳಿಸುವ ಆಯ್ಕೆಯಾದ ಮೊಝ್‌ಜೆಪೆಗ್‌ನಲ್ಲಿ, ಸಬ್‌ಸ್ಯಾಂಪ್ಲಿಂಗನ್ನು ಸಾಧನವೇ ನಿರ್ಧರಿಸಲಿ ಎಂಬ ಗುರುತನ್ನು ತೆಗೆದು ಅದರ ಅಂಕಿ 1 ಇಡಿ. ಗುಣಮಟ್ಟ 85 ಸಾಕು. 100 ಇಡಬೇಡಿ: ಫೈಲು ಎರಡು ಮೂರು ಪಟ್ಟು ಉಬ್ಬುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಈ ಅಂಕಿ ಶೇಕಡಾವಾರೂ ಅಲ್ಲ, ಒಂದು ಸಾಫ್ಟ್‌ವೇರಿನ 80 ಇನ್ನೊಂದರ 80 ಕೂಡ ಅಲ್ಲ. ಫೈಲಿನ ತೂಕಕ್ಕೆ ಮಿತಿ ಇದ್ದು ಅದರೊಳಗೆ ಹಿಡಿಸುತ್ತಿಲ್ಲ ಎಂದಾದರೆ ಗುಣಮಟ್ಟವನ್ನು 60ಕ್ಕೆ ಇಳಿಸುವ ಬದಲು ಅಳತೆಯನ್ನು 1600ರಿಂದ 1200ಕ್ಕೆ ಇಳಿಸಿ. 70ರ ಕೆಳಗೆ ಹೋದರೆ ಬೂದಿನಿಂದ ಕಪ್ಪಿಗೆ ಜಾರುವ ಹಿಂಬದಿಯಲ್ಲಿ 8×8ರ ಚೌಕಗಳು ಹೆಂಚಿನಂತೆ ಎದ್ದು ನಿಲ್ಲುತ್ತವೆ. ಹಿಂಬದಿ ನುಣುಪಾಗಿ, ಒಂದೇ ಬಣ್ಣದಲ್ಲಿ ಇದ್ದರೆ ಫೈಲು ತಾನಾಗಿಯೇ ಹಗುರ. ಬಟ್ಟೆಯ ನೇಯ್ಗೆ, ಮರದ ಗೆರೆ ಇರುವ ಹಿಂಬದಿ ಗೊಂಬೆಗೆ ಸಲ್ಲಬೇಕಾದ ಕಿಲೊಬೈಟ್‌ಗಳನ್ನು ತಿಂದುಹಾಕುತ್ತದೆ.

ಉಳಿಸುವ ಮುಂಚೆ ಬಣ್ಣದ ಪ್ರೊಫೈಲ್ ನೋಡಿ. ಫೈಲಿನ ಅಂಕಿಗಳನ್ನು ಯಾವ ಬಣ್ಣವೆಂದು ಓದಬೇಕು ಎಂದು ಹೇಳುವ ಹಣೆಪಟ್ಟಿ ಅದು. ಐಫೋನ್‌ಗಳು ಡಿಸ್‌ಪ್ಲೇ ಪಿ3ಯಲ್ಲಿ ತೆಗೆಯುತ್ತವೆ, ಕೆಲವರ ಕ್ಯಾಮೆರಾ ಅಡೋಬಿ ಆರ್‌ಜಿಬಿಯಲ್ಲಿರುತ್ತದೆ. ದಾರಿಯಲ್ಲಿ ಯಾವುದೋ ಸೈಟ್ ಪ್ರೊಫೈಲನ್ನು ಕಿತ್ತು ಹಾಕಿದರೆ ಬಣ್ಣಗಳು ಸಪ್ಪೆಯಾಗುತ್ತವೆ. ವೆಬ್‌ನ ಮಾಮೂಲಿ ಪ್ರೊಫೈಲ್ ಆದ ಎಸ್‌ಆರ್‌ಜಿಬಿಗೆ ‘ಕನ್ವರ್ಟ್’ ಮಾಡಿ. ‘ಅಸೈನ್’ ಮಾಡಬೇಡಿ. ಅದು ಅಂಕಿಗಳನ್ನು ಹಾಗೇ ಬಿಟ್ಟು ಹಣೆಪಟ್ಟಿ ಮಾತ್ರ ಬದಲಿಸುತ್ತದೆ.

ಇಷ್ಟೆಲ್ಲ ಏಕೆ ಎಂದರೆ, ದೊಡ್ಡ ಫೈಲು ಕೊಟ್ಟರೆ ಸೈಟ್‌ಗಳು ಅದನ್ನು ತಮ್ಮ ಲೆಕ್ಕದಲ್ಲಿ ಇಳಿಸುತ್ತವೆ. ಆ ಲೆಕ್ಕದಲ್ಲಿ ನಿಮ್ಮ ಗೊಂಬೆಯ ಕಣ್ಣಿಗೆ ಸ್ಥಾನವಿಲ್ಲ. ಇನ್‌ಸ್ಟಾಗ್ರಾಂಗೆ 1080×1350 ನೀವೇ ಮಾಡಿ ಕೊಡಿ. ಅದು ಮತ್ತೊಮ್ಮೆ ಹಿಂಡಿದರೂ ಹಿಂಡಿದ್ದಷ್ಟೇ ನಷ್ಟ, ಅಳತೆ ಕೆಡುವುದಿಲ್ಲ.

ಪ್ರಶ್ನೆ: ಹಳೆಯ ಫೋಟೊಗಳ ಲಿಂಕ್‌ಗಳೆಲ್ಲ ಸತ್ತುಹೋಗಿವೆ. ಶಾಶ್ವತವಾಗಿ ಇರುವ ಉಚಿತ ಹೋಸ್ಟಿಂಗ್ (ಚಿತ್ರ ಇಟ್ಟುಕೊಂಡು ಲಿಂಕ್ ಕೊಡುವ ಸೈಟ್) ಯಾವುದು?

ಯಾವುದೂ ಇಲ್ಲ. ‘ಲೈಫ್‌ಟೈಂ ಉಚಿತ’ ಎಂದು ಹೇಳುವವರು ಯಾರ ಆಯುಸ್ಸಿನ ಬಗ್ಗೆ ಹೇಳುತ್ತಿದ್ದಾರೆ ಎಂದು ಕೇಳಿ ನೋಡಿ. 2017ರಲ್ಲಿ ಫೋಟೊಬಕೆಟ್, ತನ್ನಲ್ಲಿಟ್ಟ ಚಿತ್ರ ಬೇರೆ ಸೈಟ್‌ಗಳಲ್ಲಿ ಕಾಣಬೇಕಾದರೆ ವರ್ಷಕ್ಕೆ 399.99 ಡಾಲರ್ ಕೊಡಿ ಎಂದಿತು. ವರ್ಷಗಟ್ಟಲೆ ಕೂಡಿಟ್ಟ ಹಂತಹಂತದ ಬಣ್ಣದ ಪಾಠಗಳು ಒಂದೇ ಏಟಿಗೆ ಖಾಲಿ ಚೌಕಗಳಾದವು. 2019ರಲ್ಲಿ ಟೈನಿಪಿಕ್ ಬಾಗಿಲು ಹಾಕಿತು. ಅದೇ ವರ್ಷ ಫ್ಲಿಕರ್ ಉಚಿತ ಖಾತೆಗೆ 1000 ಚಿತ್ರಗಳ ಮಿತಿ ತಂದಿತು. 2023ರಲ್ಲಿ ಇಮ್ಗರ್, ಖಾತೆಯಿಲ್ಲದೆ ಹಾಕಿದ ಹಳೆಯ, ಯಾರೂ ನೋಡದ ಚಿತ್ರಗಳನ್ನು ಅಳಿಸುವುದಾಗಿ ಹೇಳಿತು. ಡಿಸ್ಕಾರ್ಡ್‌ನಲ್ಲಿ ಹಾಕಿದ ಚಿತ್ರದ ಲಿಂಕನ್ನು ಹೊರಗೆ ಅಂಟಿಸಿದರೆ ಅದರ ಆಯುಸ್ಸು 24 ಗಂಟೆ.

ಆದ್ದರಿಂದ ಹೋಸ್ಟಿಂಗ್ ಎಂದರೆ ಪ್ರದರ್ಶನದ ಕಿಟಕಿ, ಕಪಾಟಲ್ಲ. ಮೂಲ ಫೋಟೊ ಮತ್ತು ಇಳಿಸಿದ ಪ್ರತಿ ಎರಡನ್ನೂ ನಿಮ್ಮ ಡಿಸ್ಕಿನಲ್ಲಿಡಿ, ಇನ್ನೊಂದು ಡಿಸ್ಕಿನಲ್ಲೂ ಇಡಿ. ಯಾವ ಚಿತ್ರ ಎಲ್ಲಿಗೆ ಹಾಕಿದ್ದೀರಿ ಎಂದು ಒಂದು ಪಟ್ಟಿ ಬರೆದಿಡಿ. ಕಿಟಕಿ ಮುಚ್ಚಿದ ದಿನ ಮತ್ತೆ ಹಾಕಲು ಅದು ಬೇಕಾಗುತ್ತದೆ. ಲಿಂಕ್ ನಿಜಕ್ಕೂ ಬಾಳಬೇಕೆಂದರೆ ಇರುವುದು ಒಂದೇ ದಾರಿ: ಸ್ವಂತ ಡೊಮೇನ್ ಹೆಸರು ಕೊಂಡು ಚಿತ್ರಗಳ ವಿಳಾಸ ಅದರಡಿ ಇರುವಂತೆ ಮಾಡುವುದು. ಆಗ ಹಿಂದಿನ ಕಂಪನಿ ಬದಲಾದರೂ ವಿಳಾಸ ಬದಲಾಗುವುದಿಲ್ಲ. ವರ್ಷ ವರ್ಷ ಅದನ್ನು ನವೀಕರಿಸಲು ಮರೆಯುವವರಾದರೆ ಈ ದಾರಿ ಹಿಡಿಯಬೇಡಿ.

ಫೈಲಿನ ಹೆಸರಿನಲ್ಲಿ ಖಾಲಿ ಜಾಗ ಬೇಡ, ಕನ್ನಡ ಅಕ್ಷರವೂ ಬೇಡ. ಇದನ್ನು ಹೇಳಲು ನನಗೇ ಬೇಸರ. ಆದರೆ ವಿಳಾಸದಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಯೂ ಶೇಕಡಾ ಗುರುತು ಸೇರಿ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ, ನಕಲು ಮಾಡುವಾಗ ಎಲ್ಲೋ ತುಂಡಾಗುತ್ತದೆ. ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ಅಡ್ಡಗೆರೆ ಸಾಕು.

ಪ್ರಶ್ನೆ: ಲಿಂಕ್ ಹಾಕಿದರೆ ಚಿತ್ರದ ಬದಲು ಬರೀ ಅಕ್ಷರ ಕಾಣುತ್ತದೆ.

ನೀವು ಹಾಕಿದ್ದು ಚಿತ್ರವಿರುವ ಪುಟದ ವಿಳಾಸ, ಚಿತ್ರದ್ದಲ್ಲ. ನೇರ ವಿಳಾಸ ಸಾಮಾನ್ಯವಾಗಿ ಡಾಟ್ ಜೆಪಿಜಿಯಲ್ಲಿ ಮುಗಿಯುತ್ತದೆ. ಗೂಗಲ್ ಫೋಟೋಸ್ ಹಂಚಿಕೊಳ್ಳಲು ಕೊಡುವುದು ಪುಟದ ಲಿಂಕನ್ನೇ. ಹಾಕುವ ಮುಂಚೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಲಾಗಿನ್ ಆಗಿರುವ ನಿಮಗೆ ಕಂಡದ್ದು ಊರಿಗೆಲ್ಲ ಕಾಣಬೇಕೆಂದಿಲ್ಲ.

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಅಲ್ಲಿಂದ ಇಳಿಸಿಕೊಂಡು ಹಾಕಬಹುದೇ?

ಬೇಡ. ಎಚ್‌ಡಿ ಒತ್ತಿದರೂ ಅದು ಹಿಂಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಹಾಗೇ ತಲುಪುತ್ತದೆ. ಹಾಗೇ ಎಂದರೆ ಜಿಪಿಎಸ್ ಸಮೇತ, ಮತ್ತು ಈ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಗೊಂಬೆಯ ಫೋಟೊ ತೆಗೆಯುವುದು ಮನೆಯಲ್ಲಿ. ಲೊಕೇಶನ್ ಆನ್ ಇದ್ದರೆ ನಿಮ್ಮ ಮನೆಯ ಅಕ್ಷಾಂಶ ರೇಖಾಂಶ ಫೋಟೊದೊಳಗೇ ಕುಳಿತಿರುತ್ತದೆ. ದೊಡ್ಡ ಸಾಮಾಜಿಕ ಜಾಲಗಳು ಅದನ್ನು ತೆಗೆದು ತೋರಿಸುತ್ತವೆ, ಮೂಲ ಫೈಲನ್ನೇ ಕೊಡುವ ಹೋಸ್ಟ್‌ಗಳು ತೆಗೆಯುವುದಿಲ್ಲ. ಬೆಲೆಬಾಳುವ ಸಂಗ್ರಹದ ಫೋಟೊ ಜೊತೆಗೆ ಮನೆಯ ದಾರಿಯನ್ನೂ ಹಂಚಬೇಡಿ. ಕ್ಯಾಮೆರಾ ಆ್ಯಪಿನ ಲೊಕೇಶನ್ ಅನುಮತಿಯನ್ನೇ ತೆಗೆದುಬಿಡಿ. ಹಳೆಯ ಫೋಟೊಗಳಿಂದ ಮೆಟಾಡೇಟಾ ಅಳಿಸುವಾಗ, ಫೋಟೊ ಯಾವ ಕಡೆ ತಿರುಗಿದೆ ಎಂಬ ಗುರುತೂ ಅಳಿಯುತ್ತದೆ. ಕೆಲವರ ಗೊಂಬೆ ಅಡ್ಡ ಮಲಗುವುದು ಅದರಿಂದಲೇ. ಮೊದಲು ನಿಜವಾಗಿ ತಿರುಗಿಸಿ ಉಳಿಸಿ, ಆಮೇಲೆ ಅಳಿಸಿ.

ಪ್ರಶ್ನೆ: ವೆಬ್‌ಗೆ 72 ಡಿಪಿಐ ಇರಲೇಬೇಕಂತೆ?

ಸುಳ್ಳು. ಪರದೆ ನೋಡುವುದು ಪಿಕ್ಸೆಲ್ ಎಣಿಕೆಯನ್ನು. ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಅಂಕಿ, ಮುದ್ರಣಕ್ಕಿರುವ ಚೀಟಿ. 72 ಎಂಬುದು 1984ರ ಮ್ಯಾಕಿಂಟಾಷ್ ಪರದೆಯ ಲೆಕ್ಕ. ಇದನ್ನು ಇಂದಿಗೂ ಪಾಠ ಮಾಡುವವರಿಂದ ಬೇರೇನನ್ನೂ ಕಲಿಯಬೇಡಿ.

ಪ್ರಶ್ನೆ: ಜೆಪೆಗ್ ಬದಲು ಪಿಎನ್‌ಜಿ? ವೆಬ್‌ಪಿ?

ಫೋಟೊಗೆ ಪಿಎನ್‌ಜಿ ದಂಡ: ಹಲವು ಪಟ್ಟು ತೂಕ, ಕಡೆಗೆ ಸೈಟೇ ಅದನ್ನು ಜೆಪೆಗ್ ಮಾಡಿಬಿಡಬಹುದು. ಮಾಮೂಲಿ ವೆಬ್‌ಪಿ ಯಾವಾಗಲೂ 4:2:0, ಗುಣಮಟ್ಟ ಎಷ್ಟೇ ಏರಿಸಿದರೂ ಆ ಕೆಂಪು ಕಣ್ಣು ಪೂರ್ತಿ ಮರಳದು.

ಪ್ರಶ್ನೆ: ಐಫೋನ್ ಫೋಟೊ ಅಪ್‌ಲೋಡ್ ಆಗುವುದೇ ಇಲ್ಲ.

ಅದು ಎಚ್‌ಇಐಸಿ, ಜೆಪೆಗ್ ಅಲ್ಲದ ಬೇರೊಂದು ಬಗೆಯ ಫೈಲು. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟ್ಸ್ ತೆರೆದು ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ, ಮುಂದಿನ ಫೋಟೊಗಳು ಜೆಪೆಗ್ ಆಗಿ ಬರುತ್ತವೆ.

ಪ್ರಶ್ನೆ: ಜೆಪೆಗ್ ಫೈಲನ್ನು ತೆರೆದಷ್ಟೂ ಸವೆಯುತ್ತದೆಯೇ?

ಇಲ್ಲ. ತಿದ್ದಿ ಮತ್ತೆ ಉಳಿಸಿದಾಗ ಮಾತ್ರ.

ಪ್ರಶ್ನೆ: ಎಐ ಎನ್‌ಹಾನ್ಸರ್ ಹಾಕಿದರೆ ಮಸುಕು ಫೋಟೊ ಸರಿಹೋಗುತ್ತದಲ್ಲ?

ಸರಿಹೋಗುವುದಿಲ್ಲ, ಬೇರೆಯದಾಗುತ್ತದೆ. ಕಳೆದುಹೋದ ವಿವರ ಫೈಲಿನಲ್ಲಿ ಇಲ್ಲವೇ ಇಲ್ಲ, ಆ ಆ್ಯಪ್ ತನಗೆ ತೋಚಿದ್ದನ್ನು ಬರೆಯುತ್ತದೆ. ನೀವು ಹಚ್ಚದ ರೆಪ್ಪೆ, ನೀವು ಕೊಡದ ಚರ್ಮದ ನುಣುಪು ಬಂದು ಕೂರುತ್ತವೆ. ಸ್ಪರ್ಧೆಗೆ ಅಂಥ ಚಿತ್ರ ಕಳಿಸುವುದು ಬೇರೆಯವರ ಕೆಲಸಕ್ಕೆ ನಿಮ್ಮ ಸಹಿ ಹಾಕಿದಂತೆ. ಮತ್ತೆ ಫೋಟೊ ತೆಗೆಯಿರಿ, ಐದು ನಿಮಿಷದ ಕೆಲಸ.

ಪ್ರಶ್ನೆ: ವಾಟರ್‌ಮಾರ್ಕ್ ಎಲ್ಲಿ ಹಾಕಲಿ?

ಬೇಸ್‌ನ ಪಕ್ಕದ ಖಾಲಿ ಜಾಗದಲ್ಲಿ, ಸಣ್ಣದಾಗಿ. ಗೊಂಬೆಯ ಮೇಲೆ ಹಾಕಿದ್ದನ್ನು ನಾನು ನೋಡುವುದೇ ಇಲ್ಲ.